ಗುರೆಳ್ಳಿನಂಥ ಕಾಳು, ಎರಡು ಡಬ್ಬಿ

2019ರ ಮೇ ಕೊನೆ. ಮುಂಗಾರಿಗೆ ಮುಂಚೆ ಬದುವಿನ ಜಾಲಿ ಕಡಿದು ಹಾಕೋಣ ಅಂತ ನಾನು, ನನ್ನ ತಮ್ಮ ಹೊಲಕ್ಕೆ ಹೋಗಿದ್ದೆವು. ನಮ್ಮೂರು ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆ. ಸಜ್ಜೆ, ತೊಗರಿ, ಈಚೆಗೆ ದಾಳಿಂಬೆ. ಯಾರೂ ಬಿತ್ತದೆ, ಯಾರೂ ನೀರು ಹಾಯಿಸದೆ ಬೆಳೆಯೋದು ಮಾತ್ರ ಬಳ್ಳಾರಿ ಜಾಲಿ. ಹೆಸರಲ್ಲಷ್ಟೇ ಬಳ್ಳಾರಿ, ಗಿಡ ಅಮೆರಿಕ ಖಂಡದಿಂದ ಬಂದದ್ದು. ಅದರ ಮುಳ್ಳೊಂದು ಹವಾಯಿ ಚಪ್ಪಲಿ ತೂರಿ ನನ್ನ ಎಡ ಅಂಗಾಲಿಗೆ ಹೊಕ್ಕಿತು, ಹೆಬ್ಬೆರಳಿನ ಬುಡದ ಹತ್ತಿರ.

ಮುಳ್ಳು ಚುಚ್ಚೋದು ನಮ್ಮಲ್ಲಿ ಸುದ್ದಿಯೇ ಅಲ್ಲ. ಸಂಜೆ ನಮ್ಮಾಕಿ ಪಿನ್ನು ಕಾಯಿಸಿ ತೆಗೆದಳು. ತುದಿ ಮುರಿದು ಒಳಗೇ ಉಳಿದಿತ್ತೋ ಏನೋ. ಅವ್ವ ಎಕ್ಕಿ ಹಾಲು ಬಿಟ್ಟಳು, ಉಳಿದಿದ್ದರೆ ತಾನೇ ಮೇಲೆ ಬರುತ್ತೆ ಅಂತ. ಮೂರು ದಿನ ಕುಂಟಿದೆ. ಆಮೇಲೆ ಮರೆತೇಬಿಟ್ಟೆ.

ಮುಂದಿನ ಯುಗಾದಿ ಹೊತ್ತಿಗೆ ಅದೇ ಜಾಗದಲ್ಲಿ ಒಂದು ಗಟ್ಟಿ ಗಂಟು. ಹುಣಸೆ ಬೀಜದಷ್ಟು. ಒತ್ತಿದರೆ ನೋವಿಲ್ಲ. ಆಣಿ ಇರಬೇಕು ಅಂದುಕೊಂಡು ಆಣಿಗೆ ಹಚ್ಚುವ ಪಟ್ಟಿ ತಂದು ಅಂಟಿಸಿದೆ. ಆ ವರ್ಷದ ಯುಗಾದಿ ದಿನವೇ ಅಲ್ವಾ ದೇಶಕ್ಕೆ ಬೀಗ ಬಿದ್ದದ್ದು? ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಾಗ, ನೋಯದ ಗಂಟು ಹಿಡಿದುಕೊಂಡು ಯಾರು ಡಾಕ್ಟರ್ ಹುಡುಕ್ತಾರೆ?

ನೋಯಲಿಲ್ಲ ಅನ್ನೋದೇ ಇದರ ಮೋಸ. ಹಲ್ಲು ನೊಂದರೆ ಅರ್ಧ ರಾತ್ರಿಗೆ ಎದ್ದು ಕೂರುತ್ತೇವೆ. ಇದು ಎರಡು ವರ್ಷ ಕಾಲೊಳಗೆ ಮನೆ ಕಟ್ಟಿತು, ಒಂದು ರಾತ್ರಿಯೂ ನಿದ್ದೆ ಕೆಡಿಸಲಿಲ್ಲ.

2021ರ ಬೇಸಿಗೆಗೆ ಗಂಟು ನಿಂಬೆಹಣ್ಣಿನಷ್ಟಾಯಿತು. ಪಾದದ ಮೇಲ್ಭಾಗವೂ ಬಾತುಕೊಂಡಿತು. ಬೂಟು ಹಿಡಿಯಲಿಲ್ಲ. ಆಮೇಲೆ ಗುಳ್ಳೆ ಎದ್ದು ಒಡೆಯತೊಡಗಿದವು. ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು. ತೆಳ್ಳನೆ ಕೀವು, ಅದರ ಜೊತೆ ಕಪ್ಪು ಕಪ್ಪು ಪುಡಿ. ಗುರೆಳ್ಳು ಅರ್ಧಂಬರ್ಧ ಕುಟ್ಟಿ ಉದುರಿಸಿದ ಹಾಗೆ. ಹೊಲದ ಮಣ್ಣು ಸೇರಿಕೊಂಡಿರಬೇಕು ಅಂತ ದಿನಾ ತೊಳೆದು ಚೆಲ್ಲುತ್ತಿದ್ದೆ.

ಇನ್ನು ಪೇಟೆಯ ಆಸ್ಪತ್ರೆಗಳ ಕಥೆ. ಹೆಸರು ಬೇಡ. ಮೊದಲನೆಯವರು ಕೊಯ್ದು ಕೀವು ತೆಗೆದು ಹತ್ತು ದಿನ ಆಂಟಿಬಯೋಟಿಕ್ ಕೊಟ್ಟರು. ಎರಡನೆಯವರು ಇನ್ನೊಮ್ಮೆ ಕೊಯ್ದರು. ಮೂರನೆಯವರು, ಅವರ ಬಗ್ಗೆ ನಿಜವಾಗಿ ನನಗೆ ಗೌರವ ಇದೆ, "ತುಂಡು ಕಳಿಸಿ ನೋಡೋಣ" ಅಂದರು. ಒಂದು ಚೂರು ಮಾಂಸ ತೆಗೆದು ಒಂದು ಡಬ್ಬಿಗೆ ಹಾಕಿ ಲ್ಯಾಬಿಗೆ ಕಳಿಸಿದರು. ರಿಪೋರ್ಟಿನಲ್ಲಿ ಬಂದದ್ದು ಒಂದೇ ಸಾಲು: ಹಳೆಯ ಉರಿಯೂತ, ಗ್ರಾನುಲೋಮ ಇದೆ. ಗ್ರಾನುಲೋಮ ಅಂದರೆ ದೇಹ ಯಾವುದೋ ಹಟಮಾರಿ ವೈರಿಯ ಸುತ್ತ ಜೀವಕಣಗಳ ಕೋಟೆ ಕಟ್ಟಿದೆ ಅಂತ. ವೈರಿ ಯಾರು ಅಂತ ಆ ಸಾಲಿನಲ್ಲಿ ಇರಲಿಲ್ಲ. ನಮ್ಮ ದೇಶದಲ್ಲಿ ಗ್ರಾನುಲೋಮ ಅಂದ ಕೂಡಲೇ ಮೊದಲು ನೆನಪಾಗೋದು ಟಿಬಿ. ಟಿಬಿ ಮಾತ್ರೆ ಶುರುವಾಯಿತು. ಎರಡು ತಿಂಗಳು ಕಿತ್ತಳೆ ಬಣ್ಣದ ಮೂತ್ರ ಮಾಡಿದ್ದೇ ಬಂತು, ಕಾಲು ಇದ್ದ ಹಾಗೇ ಇತ್ತು. "ಮುಂದ ಮೂಳಿಗೆ ಇಳಿದರ ಕಾಲು ತೆಗಿಬೇಕಾಗ್ತದ ನೋಡ್ರಿ" ಅಂತ ಯಾರೋ ಅಂದದ್ದು ನಮ್ಮಾಕಿಯ ಕಿವಿಗೆ ಬಿತ್ತು. ಅವತ್ತಿನಿಂದ ಮನೆಯಲ್ಲಿ ಊಟ ಸೇರಲಿಲ್ಲ.

ತಮ್ಮನ ಹೆಂಡತಿಯ ಅಣ್ಣ ಬಳ್ಳಾರಿಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಾರೆ. ಫೋಟೋ ಕಳಿಸಿದೆವು. "ಮಾವಾರ, ಇದನ್ನ ಚರ್ಮದ ಡಾಕ್ಟರಿಗೆ ತೋರಸ್ರಿ" ಅಂದರು. ನನಗೆ ನಗು ಬಂತು. ಚರ್ಮದ ಡಾಕ್ಟರ್ ಅಂದರೆ ಗಜಕರ್ಣಕ್ಕೆ ಮುಲಾಮು ಬರೆಯೋರು ಅಂತ ನನ್ನ ತಿಳಿವಳಿಕೆ. ಆದರೂ 2022ರ ಫೆಬ್ರವರಿಯಲ್ಲಿ ಒಂದು ದಿನ ನಸುಕಿನಲ್ಲೇ ಹೊಸಪೇಟೆ ಬಸ್ಸು ಹತ್ತಿ, ಅಲ್ಲಿಂದ ಬಳ್ಳಾರಿಗೆ ಹೋದೆವು. ಕಂಟೋನ್ಮೆಂಟಿನ ದೊಡ್ಡಾಸ್ಪತ್ರೆ, ನಮ್ಮ ಕಡೆಯವರ ಬಾಯಲ್ಲಿ ವಿಮ್ಸ್.

ಚರ್ಮದ ವಿಭಾಗದ ಮೇಡಂ ಬಟ್ಟೆ ಬಿಚ್ಚಿ ಪಾದ ನೋಡಿದರು. ಮುಟ್ಟಲೂ ಇಲ್ಲ ಇನ್ನೂ. ಕೇಳಿದ್ದು ಒಂದೇ ಪ್ರಶ್ನೆ.

"ಕಾಳು ಬೀಳ್ತಾವೇನ್ರಿ ಯಜಮಾನ್ರ?"

ಒಂದು ವರ್ಷದಿಂದ ಮೂರು ಕಡೆ ಕಾಲು ಚಾಚಿದ್ದೆ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ಬೀಳ್ತಾವ್ರಿ. ಮಣ್ಣು ಅನ್ಕೊಂಡಿದ್ದೆ."

"ಯಾವ ಬಣ್ಣ? ಕರಿ, ಬಿಳಿ, ಕೆಂಪು?"

"ಕರೇವು. ಗುರೆಳ್ಳಿನಂಗ."

ಅವರು ಪಕ್ಕದಲ್ಲಿದ್ದ ಕಲಿಯುವ ಡಾಕ್ಟರುಗಳ ಕಡೆ ತಿರುಗಿ ಏನೋ ಹೇಳಿದರು. ಆಮೇಲೆ ನನಗೆ ಅರ್ಥವಾಗುವ ಹಾಗೆ ಹೇಳಿದರು. ನೋಯದ ಗಂಟು, ತೂತುಗಳು, ಅದರಿಂದ ಬೀಳುವ ಕಾಳು, ಈ ಮೂರೂ ಸೇರಿದರೆ ಅದು ಮೈಸಿಟೋಮ. ಹಳೆಯ ಹೆಸರು ಮದುರಾ ಪಾದ. 1842ರಲ್ಲಿ ಮದುರೈಯಲ್ಲಿ ಗಿಲ್ ಅನ್ನುವ ಬ್ರಿಟಿಷ್ ಡಾಕ್ಟರ್ ಇದನ್ನು ಬರೆದಿಟ್ಟದ್ದರಿಂದ ಆ ಹೆಸರು. ಮಣ್ಣಿನಲ್ಲಿ, ಮುಳ್ಳಿನಲ್ಲಿ ಇರುವ ಜೀವಿ ಗಾಯದಿಂದ ಚರ್ಮದ ಕೆಳಗೆ ಹೊಕ್ಕು ಅಲ್ಲಿ ಮುದ್ದೆ ಮುದ್ದೆಯಾಗಿ ಬೆಳೆಯುತ್ತೆ. ಆ ಮುದ್ದೆಯೇ ನಾನು ಚೆಲ್ಲುತ್ತಿದ್ದ ಕಾಳು. ಇದು ಹೆಚ್ಚಾಗಿ ಕಾಣೋದು ಭೂಮಧ್ಯರೇಖೆಯ ದಕ್ಷಿಣಕ್ಕೆ 15 ಡಿಗ್ರಿಯಿಂದ ಉತ್ತರಕ್ಕೆ 30 ಡಿಗ್ರಿಯವರೆಗಿನ ಪಟ್ಟಿಯಲ್ಲಂತೆ. ಕೊಪ್ಪಳ ಆ ಪಟ್ಟಿಯ ಒಳಗೇ ಇದೆ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಯಾರೂ ಕೇಳೋರಿಲ್ಲದ ರೋಗಗಳ ಪಟ್ಟಿಗೆ ಸೇರಿಸಿತು. ಬರಿಗಾಲಲ್ಲಿ ಹೊಲಕ್ಕೆ ಹೋಗೋರಿಗೆ ಬರುವ ರೋಗ ಆ ಪಟ್ಟಿಗಲ್ಲದೆ ಇನ್ಯಾವ ಪಟ್ಟಿಗೆ ಸೇರುತ್ತೆ?

ಇನ್ನೊಂದು ಮಾತು ಹೇಳಿದರು, ಅದೇ ಮುಖ್ಯ. ಮೈಸಿಟೋಮದಲ್ಲಿ ಎರಡು ಜಾತಿ. ಒಂದು ಶಿಲೀಂಧ್ರದಿಂದ ಬರೋದು, ಇನ್ನೊಂದು ಎಳೆ ಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾದಿಂದ. ಹೊರಗಿಂದ ನೋಡಿದರೆ ಎರಡೂ ಒಂದೇ ಥರ, ಔಷಧ ಮಾತ್ರ ಪೂರ್ತಿ ಬೇರೆ. ಕರಿ ಕಾಳು ಅಂದರೆ ಶಿಲೀಂಧ್ರ, ಕೆಂಪು ಅಂದರೆ ಬ್ಯಾಕ್ಟೀರಿಯಾ. ಬಿಳಿ, ಹಳದಿ ಎರಡರದ್ದೂ ಇರಬಹುದು. "ಕಣ್ಣಂದಾಜಿನ ಮೇಲೆ ವರ್ಷಗಟ್ಟಲೆ ಔಷಧ ಕೊಡಂಗಿಲ್ಲ. ಹೆಸರು ಗೊತ್ತಾಗಬೇಕು" ಅಂದರು.

ಅವತ್ತು ಕಾಳು ಒಂದೂ ಬೀಳಲಿಲ್ಲ! ದಿನಾ ಬೀಳೋದು ಡಾಕ್ಟರ್ ಮುಂದೆ ಮುನಿಸಿಕೊಂಡಿತು. ಸಿಸ್ಟರ್ ತೂತುಗಳನ್ನು ಸಲೈನಿನಲ್ಲಿ ತೊಳೆದು, ಸಲೈನಿನಲ್ಲಿ ಅದ್ದಿದ ತೆಳ್ಳನೆ ಬ್ಯಾಂಡೇಜ್ ಬಟ್ಟೆ ಕಟ್ಟಿ ಕಳಿಸಿದರು. ಇವತ್ತು ಬಿಚ್ಚಬೇಡಿ, ಮುಲಾಮು ಹಚ್ಚಬೇಡಿ, ನಾಳೆ ಹಾಗೇ ಬನ್ನಿ. ರಾತ್ರಿ ರೈಲ್ವೆ ಸ್ಟೇಷನ್ ಹತ್ತಿರ ಒಂದು ಲಾಡ್ಜಿನಲ್ಲಿ ಉಳಿದೆವು. ಬೆಳಗ್ಗೆ ಒಗ್ಗಾಣಿ, ಮಿರ್ಚಿ ತಿಂದು ಹೋದೆವು. ಬಟ್ಟೆ ಬಿಚ್ಚಿದಾಗ ಹನ್ನೊಂದು ಕಾಳು. ನಾನೇ ಎಣಿಸಿದೆ. ಮೇಡಂ ಮುಖ ಅರಳಿದ್ದು ನೋಡಬೇಕಿತ್ತು.

ಒಂದು ಕಾಳನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಕೆಒಎಚ್ ಅನ್ನುವ ಕ್ಷಾರದ ಹನಿ ಬಿಟ್ಟರು. ಕೀವು, ಮಾಂಸ ಅದರಲ್ಲಿ ಕರಗುತ್ತೆ, ಶಿಲೀಂಧ್ರದ ಗೋಡೆ ಕರಗೋದಿಲ್ಲ. ಕರಿ ಕಾಳು ಗಟ್ಟಿ, ಮೆತ್ತಗಾಗಲು ಹೊತ್ತು ಬೇಕು. ಆಮೇಲೆ ಒತ್ತಿ ಅಪ್ಪಚ್ಚಿ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. "ಬರ್ರಿ, ನಿಮ್ಮ ಹೊಲದ್ದ ಬೆಳಿ ನೀವೂ ನೋಡ್ರಿ" ಅಂತ ನನ್ನನ್ನೂ ಕರೆದರು. ಒಂದು ಕಣ್ಣು ಮುಚ್ಚಿ ನೋಡಿದೆ. ಕಂದು ಬಣ್ಣದ ದಪ್ಪ ಎಳೆಗಳು, ಕವಲೊಡೆದು ಒಂದಕ್ಕೊಂದು ಹೆಣೆದುಕೊಂಡಿದ್ದವು, ಅಲ್ಲಲ್ಲಿ ಗುಂಡಗೆ ಉಬ್ಬಿದ್ದವು. ಬದುವಿನಿಂದ ಜಾಲಿ ಬೇರು ಕಿತ್ತಾಗ ಹೀಗೇ ಕಾಣುತ್ತೆ. ಬ್ಯಾಕ್ಟೀರಿಯಾದ್ದಾಗಿದ್ದರೆ ಎಳೆ ಕೂದಲಿಗಿಂತ ಎಷ್ಟೋ ಸಣ್ಣಗೆ, ಕಂಡೂ ಕಾಣದ ಹಾಗೆ ಇರುತ್ತಿತ್ತಂತೆ.

ಇಷ್ಟು ನೋಡಿದ ಮೇಲೂ ತುಂಡು ತೆಗೆಯಲೇಬೇಕು ಅಂದರು. ನನಗೆ ಸಿಟ್ಟು ಬಂತು. ಆಗಲೇ ಒಮ್ಮೆ ತೆಗೆದಾಗಿದೆಯಲ್ಲ? ಹಳೆಯ ರಿಪೋರ್ಟ್ ಮುಂದಿಟ್ಟೆ. ಆಗ ಕಲಿಯುತ್ತಿದ್ದ ಹುಡುಗ ಡಾಕ್ಟರ್ ಒಂದು ಮಾತು ಕೇಳಿದ.

"ಆ ತುಂಡನ್ನ ಎಷ್ಟು ಡಬ್ಬಿಗೆ ಹಾಕಿದ್ರು, ಕಾಕಾ?"

"ಒಂದು."

"ವಾಸನಿ ಇತ್ತೇನು? ಕಣ್ಣು ಉರಿಯೋ ವಾಸನಿ?"

ಇತ್ತು. ಅದು ಫಾರ್ಮಲಿನ್. ಮಾಂಸ ಕೊಳೆಯದ ಹಾಗೆ ಇಡುತ್ತೆ, ಸೂಕ್ಷ್ಮದರ್ಶಕದಲ್ಲಿ ನೋಡಲು ಅದೇ ಸರಿ. ಆದರೆ ಅದರಲ್ಲಿ ಬಿದ್ದ ಯಾವ ಜೀವಿಯೂ ಬದುಕೋದಿಲ್ಲ. ಲ್ಯಾಬಿನಲ್ಲಿ ಶಿಲೀಂಧ್ರವನ್ನು ಬೆಳೆಸಿ ಅದರ ಜಾತಿ ಹಿಡಿಯಬೇಕಾದರೆ ಅದು ಜೀವಂತ ಇರಬೇಕು. "ಉಪ್ಪಿನಕಾಯಿ ಹಾಕಿದ ಮಾವಿನ ವಾಟಿ ಮೊಳಕಿ ಒಡೀತದೇನು, ಕಾಕಾ?" ಅಂದ ಹುಡುಗ. ಇಷ್ಟು ಚೆನ್ನಾಗಿ ಯಾವ ಡಾಕ್ಟರೂ ನನಗೆ ಏನನ್ನೂ ಹೇಳಿಕೊಟ್ಟಿಲ್ಲ. ಮೇಲಾಗಿ ಹಿಂದಿನ ತುಂಡು ಮೇಲ್ಪದರದ್ದು. ರೋಗ ಆಳದಲ್ಲಿತ್ತು, ಕಾಳೇ ಸಿಕ್ಕಿರಲಿಲ್ಲ.

ಈ ಸಲ ಕಾಲಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಆಳದಿಂದ ತೆಗೆದರು. ನನ್ನ ಕಣ್ಣೆದುರೇ ತುಂಡನ್ನು ಎರಡು ಮಾಡಿದರು. ಒಂದು ಫಾರ್ಮಲಿನ್ ಡಬ್ಬಿಗೆ, ಇನ್ನೊಂದು ಬರೀ ಸಲೈನ್ ಇದ್ದ ಡಬ್ಬಿಗೆ. ಎರಡರ ಮೇಲೂ ಹೆಸರು, ನಂಬರು. ಸಲೈನ್ ಡಬ್ಬಿ ತಡ ಮಾಡದೆ ಮೈಕ್ರೋಬಯಾಲಜಿಗೆ, ಅಂದರೆ ಜೀವಿಯನ್ನು ಬೆಳೆಸಿ ನೋಡುವ ಲ್ಯಾಬಿಗೆ, ಹೋಗಬೇಕು ಅಂದರು. ನಮ್ಮಾಕಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು, ಮೊಲದ ಮರಿ ಹಿಡಿದ ಹಾಗೆ.

ಫಾರ್ಮಲಿನ್ ಡಬ್ಬಿಯ ತುಂಡು ನೋಡಿದ ಪೆಥಾಲಜಿಯವರ ರಿಪೋರ್ಟ್ ಒಂಬತ್ತು ದಿನಕ್ಕೆ ಬಂತು. ಕಾಳು ಸಿಕ್ಕಿತ್ತು. ಪಿಎಎಸ್, ಜಿಎಂಎಸ್ ಅನ್ನುವ ಬಣ್ಣ ಹಾಕಿ ಶಿಲೀಂಧ್ರದ್ದೇ ಅಂತ ಖಾತ್ರಿ ಮಾಡಿದ್ದರು. ಬೆಳೆಸಲು ಇಟ್ಟದ್ದಕ್ಕೆ ಮಾತ್ರ ತಾಳ್ಮೆ ಬೇಕಿತ್ತು. ನಾಲ್ಕರಿಂದ ಆರು ವಾರ ಕಾಯದೆ 'ಏನೂ ಬೆಳೆದಿಲ್ಲ' ಅಂತ ಬರೆಯೋದಿಲ್ಲ ಅವರು. ನನ್ನದು ನಾಲ್ಕನೇ ವಾರ ತೋರಿತು. ಗಾಜಿನ ಬಟ್ಟಲಿನಲ್ಲಿ ಮಡಿಕೆ ಮಡಿಕೆಯಾಗಿ ಬೆಳೆದಿತ್ತು, ಅದನ್ನು ಬೆಳೆಸುವ ಅಗಾರ್ ಅನ್ನುವ ಜೆಲ್ಲಿಗೆಲ್ಲ ಚಹಾ ಕಷಾಯದ ಬಣ್ಣ ಬಿಟ್ಟಿತ್ತು. ಹೆಸರು ಮದುರೆಲ್ಲಾ ಮೈಸಿಟೊಮಾಟಿಸ್. ಅದರಲ್ಲೂ ಮದುರೈ!

ನಡುವೆ ಎಕ್ಸ್‌ರೇ, ಎಂಆರ್‌ಐ ಆಯಿತು. ಎಂಆರ್‌ಐಯಲ್ಲಿ ಬಿಳಿ ಉಂಗುರದ ನಡುವೆ ಕಪ್ಪು ಚುಕ್ಕಿ, ಅಂಥವು ಹತ್ತಾರು. ಉಂಗುರ ದೇಹ ಕಟ್ಟಿದ ಕೋಟೆ, ಚುಕ್ಕಿ ಕಾಳು. ಹೆಬ್ಬೆರಳಿನ ಹಿಂದಿನ ಮೂಳೆಯಲ್ಲಿ ಸಣ್ಣ ಕುಳಿ ಬಿದ್ದಿತ್ತು. ಇನ್ನೊಂದು ವರ್ಷ ಸುಮ್ನೆ ಕೂತಿದ್ದರೆ ಏನಾಗುತ್ತಿತ್ತು ಅಂತ ಕೇಳಲಿಲ್ಲ.

ಆ ದಿನಗಳಲ್ಲಿ ಒಪಿಡಿ ಬೆಂಚಿನ ಮೇಲೆ ಪರಿಚಯವಾದವರು ಇಬ್ಬರು. ಸಿರುಗುಪ್ಪದ ಭತ್ತದ ರೈತರೊಬ್ಬರ ಮೊಣಕಾಲ ಕೆಳಗೆಲ್ಲ ಹೂಕೋಸಿನ ಥರ ನರುಲಿ. ಅದೂ ಮಣ್ಣಿನ ಶಿಲೀಂಧ್ರವೇ, ಹೆಸರು ಕ್ರೋಮೊಬ್ಲಾಸ್ಟೊಮೈಕೋಸಿಸ್. ಸೂಕ್ಷ್ಮದರ್ಶಕದಲ್ಲಿ ತಾಮ್ರದ ಕಾಸಿನಂಥ ಕಣ ಕಂಡರೆ ಅದೇ ಗುರುತು. ಅವರಿಗೆ ಮಾತ್ರೆ ಜೊತೆ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ತೆಗೆಯುವ ಚಿಕಿತ್ಸೆ. ಇನ್ನೊಬ್ಬ ಮಾನ್ವಿ ಕಡೆಯ ಹುಡುಗ, ನನ್ನ ಥರದ್ದೇ ಕಾಲು, ಕಾಳು ಮಾತ್ರ ಹಳದಿ ಬಿಳಿ. ಅವನದು ಬ್ಯಾಕ್ಟೀರಿಯಾ. ಅಮಿಕಾಸಿನ್ ಇಂಜೆಕ್ಷನ್ 21 ದಿನ, ಜೊತೆಗೆ ಕೋಟ್ರೈಮಾಕ್ಸಜೋಲ್ ಮಾತ್ರೆ, ಮಧ್ಯೆ ಬಿಡುವು, ಮತ್ತೆ ಒಂದು ಸುತ್ತು. ಆ ಇಂಜೆಕ್ಷನ್ ಕಿವಿಗೆ, ಕಿಡ್ನಿಗೆ ಪೆಟ್ಟು ಕೊಡಬಹುದು ಅಂತ ಪ್ರತಿ ಸುತ್ತಿಗೂ ಪರೀಕ್ಷೆ. ಮೂರು ತಿಂಗಳಲ್ಲಿ ಅವನ ಕಾಲು ಇಳಿದು ಚಪ್ಪಲಿ ಹಿಡಿಯಿತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಒಂದೇ ಥರದ ಕಾಲು, ಅವನ ಔಷಧ ನನಗೆ ಕೊಟ್ಟಿದ್ದರೆ ಒಂದು ಕೂದಲೂ ಅಲ್ಲಾಡುತ್ತಿರಲಿಲ್ಲ.

ನನಗೆ ಬರೆದದ್ದು ಇಟ್ರಾಕೊನಜೋಲ್. ಬೆಳಗ್ಗೆ 200, ರಾತ್ರಿ 200 ಮಿಲಿಗ್ರಾಂ. ಟಿಬಿ ಮಾತ್ರೆಯನ್ನು ಮೊದಲ ದಿನವೇ ನಿಲ್ಲಿಸಿದ್ದರು. ಅದರಲ್ಲಿನ ರಿಫಾಂಪಿಸಿನ್ ಲಿವರನ್ನು ಕೆರಳಿಸಿ ಇಟ್ರಾಕೊನಜೋಲ್ ರಕ್ತದಲ್ಲಿ ನಿಲ್ಲದ ಹಾಗೆ ಮಾಡುತ್ತೆ. ಬಿಟ್ಟ ಮೇಲೂ ಎರಡು ವಾರ ಅದರ ಪ್ರಭಾವ ಇರುತ್ತಂತೆ. ಅಂದರೆ ತಪ್ಪು ಹೆಸರಿನ ಔಷಧ ಸುಮ್ನೆ ದಂಡ ಅಷ್ಟೇ ಅಲ್ಲ, ಸರಿ ಹೆಸರಿನ ಔಷಧಕ್ಕೂ ಅಡ್ಡಗಾಲು.

ಕ್ಯಾಪ್ಸೂಲ್ ನುಂಗುವುದಕ್ಕೂ ಒಂದು ಶಿಸ್ತು. ಹೊಟ್ಟೆ ತುಂಬ ಉಂಡ ಕೂಡಲೇ ನುಂಗಬೇಕು. ಹೊಟ್ಟೆಯಲ್ಲಿ ಹುಳಿ ಇದ್ದರೇ ಅದು ಕರಗಿ ರಕ್ತಕ್ಕೆ ಸೇರೋದು. ನಮ್ಮ ಕಡೆ ಯಾವ ಮಾತ್ರೆ ಬರೆದರೂ ಜೊತೆಗೊಂದು ಗ್ಯಾಸ್ ಮಾತ್ರೆ ಇರಲೇಬೇಕು, ಅಲ್ವಾ? ಅದು ಹೊಟ್ಟೆಯ ಹುಳಿಯನ್ನೇ ಕಡಿಮೆ ಮಾಡುತ್ತೆ. ನಾನು ವರ್ಷಗಳಿಂದ ದಿನಾ ಬೆಳಗ್ಗೆ ಒಂದು ನುಂಗುತ್ತಿದ್ದವನು. ಬಿಡಿಸಿದರು. "ಹುಳಿ ಬೇಕಂದ್ರ ಪುಂಡಿಪಲ್ಯ ತಿಂತೀನ್ರಿ ಮೇಡಂ" ಅಂದೆ. "ಪುಂಡಿಪಲ್ಯರ ತಿನ್ರಿ, ಏನರ ತಿನ್ರಿ, ಖಾಲಿ ಹೊಟ್ಯಾಗ ಮಾತ್ರ ಬ್ಯಾಡ" ಅಂದರು. ಕೊಲೆಸ್ಟ್ರಾಲ್ ಮಾತ್ರೆಯನ್ನೂ ಬದಲಿಸಿದರು, ಕೆಲವು ಜಾತಿಯವು ಇದರ ಜೊತೆ ಸೇರಿದರೆ ಸ್ನಾಯುಗಳಿಗೆ ತೊಂದರೆಯಂತೆ. ಕಂಪನಿ ಪದೇ ಪದೇ ಬದಲಿಸಬೇಡಿ, ಒಂದೇ ತೊಗೊಳ್ಳಿ ಅಂದರು. ಒಂದು ಕ್ಯಾಪ್ಸೂಲ್ ಬಿಚ್ಚಿ ನೋಡಿದ್ದೆ, ಒಳಗೆ ಗಸಗಸೆಯಂಥ ಸಣ್ಣ ಗುಳಿಗೆಗಳು. ಔಷಧ ಇರೋದು ಆ ಗುಳಿಗೆಗಳ ಮೇಲಿನ ಲೇಪದಲ್ಲಿ. ತಿಂಗಳಿಗೆ ಒಂದೂವರೆ ಸಾವಿರದ ಆಸುಪಾಸು ಖರ್ಚು. ಒಂದು ಎಮ್ಮೆ ಮಾರಿದೆವು.

ಶುರು ಮಾಡುವ ಮೊದಲು ಲಿವರ್ ಪರೀಕ್ಷೆ, ಆಮೇಲೆ ತಿಂಗಳಿಗೊಮ್ಮೆ. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಗಾದರೆ, ಊಟ ಸೇರದಿದ್ದರೆ ಮಾತ್ರೆ ನಿಲ್ಲಿಸಿ ಓಡಿ ಬರಬೇಕು. ಎರಡೂ ಕಾಲು ಬಾತು ಏದುಸಿರು ಬಂದರೂ ಅಷ್ಟೇ, ಅದು ಹೃದಯದ ಸುದ್ದಿ. ನನಗೆ ಎರಡನೇ ತಿಂಗಳು ಬಾಯಿ ರುಚಿ ಕೆಟ್ಟಿತು, ವಾಕರಿಕೆ ಬಂತು. ರಕ್ತ ನೋಡಿ ಪರವಾಗಿಲ್ಲ ಮುಂದುವರಿಸಿ ಅಂದರು.

ಮೂರು ತಿಂಗಳು ಏನೂ ಕಾಣಲಿಲ್ಲ. ಇಲ್ಲೇ ಜನ ಬಿಟ್ಟುಬಿಡೋದು. ನಾಲ್ಕನೇ ತಿಂಗಳಿಗೆ ಒಂದು ತೂತು ಮುಚ್ಚಿತು, ಪಕ್ಕದಲ್ಲಿ ಹೊಸದು ಏಳಲಿಲ್ಲ. ಆರನೇ ತಿಂಗಳಿಗೆ ಬಾವು ಇಳಿದು ಗಂಟು ಒಂದೇ ಕಡೆ ಗಟ್ಟಿಯಾಗಿ ಕೂತಿತು. ಡಾಕ್ಟರುಗಳು ಕಾಯುತ್ತಿದ್ದದ್ದೇ ಅದಕ್ಕೆ. ಮಾತ್ರೆ ಇದನ್ನು ಪೂರ್ತಿ ಸಾಯಿಸೋದು ಕಮ್ಮಿ, ಆದರೆ ಸುತ್ತ ಬೇಲಿ ಕಟ್ಟಿಸಿ ಒಂದೆಡೆ ಕೂರಿಸುತ್ತೆ. ಆಗ ಒಡೆಯದ ಹಾಗೆ ಇಡಿಯಾಗಿ ಕೊಯ್ದು ತೆಗೆಯಬಹುದು. ಒಡೆದರೆ ಕಾಳು ಚೆಲ್ಲಿ ಮತ್ತೆ ಬಿತ್ತನೆ ಮಾಡಿದಂತೆ. ಹಿಂದೆ ಪೇಟೆಯಲ್ಲಿ ಎರಡು ಸಲ ಕೊಯ್ಸಿಕೊಂಡಿದ್ದೆನಲ್ಲ, ಅದು ನೆನಪಾಗಿ ಮೈ ಝುಂ ಅಂದಿತು.

ದಸರಾ ಮುಗಿದ ವಾರ ಆಪರೇಷನ್. ಬೆನ್ನಿಗೆ ಸೂಜಿ, ಸೊಂಟದ ಕೆಳಗೆ ಖಾಲಿ. ಗಂಟು ಸುತ್ತಲಿನ ಒಳ್ಳೆ ಮಾಂಸದ ಸಮೇತ ಬಂತು, ಮೂಳೆಯ ಕುಳಿಯನ್ನು ಕೆರೆದು ತೆಗೆದರು, ತೊಡೆಯ ಚರ್ಮ ತಂದು ಹೊಲಿದರು. ತೊಡೆಯೇ ಜಾಸ್ತಿ ಉರಿಯಿತು. ಮೂರೂವರೆ ವರ್ಷದಲ್ಲಿ ಈ ರೋಗದ ಹೆಸರಲ್ಲಿ ನಾನು ನಿಜವಾಗಿ ನೊಂದದ್ದು ಆ ಹತ್ತು ದಿನ. ಆಮೇಲೆ ಮತ್ತೆ ಮಾತ್ರೆ, 2023ರ ನವೆಂಬರ್ ತನಕ. ಕಾಲು ಉಳಿಯಿತು. ಹೆಬ್ಬೆರಳು ಪೂರ್ತಿ ಬಗ್ಗೋದಿಲ್ಲ, ಚಳಿಗಾಲದಲ್ಲಿ ಆ ಜಾಗ ಸೆಟೆದುಕೊಳ್ಳುತ್ತೆ. ಆರು ತಿಂಗಳಿಗೊಮ್ಮೆ ಈಗಲೂ ಹೋಗಿ ತೋರಿಸಿ ಬರುತ್ತೇನೆ. ಇದು ಮರಳಿ ಬರುವ ಜಾತಿ.

ಹೋದ ತಿಂಗಳು ನಮ್ಮ ದೊಡ್ಡಪ್ಪನ ಮೊಮ್ಮಗನ ಫೋನು. ಹಿಮ್ಮಡಿ ಹತ್ತಿರ ಗಂಟು, ಎಂಟು ತಿಂಗಳಾಗಿದೆ, ನೋವಿಲ್ಲ. ಪೇಟೆಯಲ್ಲಿ ನಾಳೆ ತುಂಡು ತೆಗೀತಾರಂತೆ.

"ಎರಡು ಡಬ್ಬಿಗೆ ಹಾಕ್ರಿ ಅಂತ ಹೇಳು" ಅಂದೆ. "ಒಂದು ಫಾರ್ಮಲಿನ್, ಒಂದು ಸಲೈನ್."

"ಡಾಕ್ಟ್ರು ಸಿಟ್ಟಿಗೇಳ್ತಾರೇನೋ ಕಾಕಾ. ನನಗ ಹೇಳಾಕ ಬರ್ತೀ ಏನು ಅಂತ."

"ಏಳ್ಲಿ ಬಿಡು. ಕಾಳು ಬೀಳ್ತಾವೇನು?"

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಡಿ ಕಾಕಾ, ಬಟ್ಟಿ ಬಿಚ್ಚಿ ನೋಡ್ತೀನಿ" ಅಂದ.